ಮಕ್ಕಳ ನೀರಿನ ಹಬ್ಬಕ್ಕೆ ಕೈಜೋಡಿಸುವವರಿಗೆ

ಶಾಲಾ ಮಕ್ಕಳು ಒಂದಿಡೀ ದಿನ ಮೂಲೆಯಿಂದ ಮೂಲೆಗೆ ಹೋಗುತ್ತಾ, ಕೈಯಾರೆ ಮಾಡಿ ನೀರಿನ ಬಗ್ಗೆ ಕಲಿಯುವ ದಿನವೇ ನೀರಿನ ಹಬ್ಬ. ಮೊದಲ ಸಲ ನಾನು ಅದಕ್ಕೆ ಹೋಗಿದ್ದು ಮಧುಗಿರಿ ಕಡೆಯ ಒಂದು ಹಳ್ಳಿ ಶಾಲೆಗೆ. ನನಗೆ ಕೊಟ್ಟ ಮೂಲೆಯಲ್ಲಿ ಇಪ್ಪತ್ತು ಮಕ್ಕಳು ಕೂತಿದ್ದರು. "ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡೇ ಇದ್ರೆ ಎಷ್ಟು ನೀರು ಹಾಳಾಗುತ್ತೆ ಗೊತ್ತಾ?" ಅಂತ ಶುರುಮಾಡಿದೆ. ಮುಂದಿನ ಸಾಲಿನಲ್ಲಿದ್ದ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. "ನಮ್ಮನೇಲಿ ನಲ್ಲಿ ಇಲ್ಲ ಅಕ್ಕಾ. ಒಂದು ಚೊಂಬು ನೀರಲ್ಲಿ ಹಲ್ಲುಜ್ಜಿ ಮುಖಾನೂ ತೊಳ್ಕೊಂಡ್ಬಿಡ್ತೀವಿ" ಅಂದಳು.

ಒಂದು ಚೊಂಬು ಅಂದರೆ ಹೆಚ್ಚೆಂದರೆ ಒಂದು ಲೀಟರ್. ನೀರು ಉಳಿಸುವುದು ಹೇಗೆ ಅಂತ ಆ ಹುಡುಗಿಗೆ ಹೇಳಿಕೊಡುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಆಕೆಗೆ ಗೊತ್ತಿಲ್ಲದ್ದು ಬೇರೆ ಇತ್ತು: ಊರ ಮುಂದಿನ ತೆರೆದ ಬಾವಿ ಯಾಕೆ ಬತ್ತಿತು, ಬೋರ್‌ವೆಲ್ ನೀರಲ್ಲಿ ಸೋಪು ಯಾಕೆ ನೊರೆ ಬರುವುದಿಲ್ಲ, ಕೆರೆ ಏರಿಯ ಮಧ್ಯೆ ಇರುವ ಕಲ್ಲಿನ ಮಂಟಪದಂಥದ್ದು ಏನು. ನೀರಿನ ಹಬ್ಬಕ್ಕೆ ಸ್ವಯಂಸೇವಕರಾಗಿ ಹೋಗುವವರು ಮಾಡಬೇಕಾದ ಕೆಲಸ ಅಲ್ಲಿದೆ. ಉಪದೇಶ ಬಿಟ್ಟು, ನೀರನ್ನು ಮಕ್ಕಳ ಕೈಗೆ ಕೊಟ್ಟು, ಅವರ ಪ್ರಶ್ನೆಗೆ ಕಾಯುವುದು. ಆಮೇಲೆ ಹತ್ತಾರು ಹಬ್ಬಗಳಲ್ಲಿ ಓಡಾಡಿ ಕಲಿತದ್ದನ್ನು, ಮೊದಲ ಸಲ ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಬ್ಬ ಎಂಥದ್ದು, ಯಾವಾಗ

ಶಾಲಾ ಮಕ್ಕಳಿಗಾಗಿ ಇಡೀ ದಿನದ ನೀರಿನ ಹಬ್ಬ ಮಾಡುವ ಪದ್ಧತಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಗ್ರ್ಯಾಂಡ್ ಐಲೆಂಡ್ ಎಂಬ ಊರಲ್ಲಿ 1989ರಲ್ಲಿ ಅಂತರ್ಜಲದ ಹಬ್ಬವಾಗಿ ಶುರುವಾಯಿತು. ನಮ್ಮಲ್ಲಿ ಈ ಅಚ್ಚು ಹೊಸದೇನಲ್ಲ. ವಿಜ್ಞಾನ ಹಬ್ಬ, ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ನೋಡಿದ ಮೇಷ್ಟ್ರುಗಳಿಗೆಲ್ಲ ಗೊತ್ತು. ಬೆಂಗಳೂರಿನ ಕೆಲವು ಕೆರೆಗಳ ದಂಡೆಯಲ್ಲಿ ಸುತ್ತಲಿನ ನಿವಾಸಿಗಳೇ ಸೇರಿ ಕೆರೆ ಹಬ್ಬ ಮಾಡುತ್ತಾರೆ. ಎಲ್ಲ ಕಡೆಯೂ ಸುಮಾರಾಗಿ ಒಂದೇ ರೀತಿ: ನೂರೈವತ್ತು-ಇನ್ನೂರು ಮಕ್ಕಳು, ಏಳೆಂಟು ಮೂಲೆಗಳು, ಒಂದೊಂದು ಮೂಲೆಯಲ್ಲಿ ಒಂದೊಂದು ಚಟುವಟಿಕೆ. ಇಪ್ಪತ್ತು-ಇಪ್ಪತ್ತೈದು ಮಕ್ಕಳ ಗುಂಪು ಅರ್ಧ ಗಂಟೆಗೊಮ್ಮೆ ಮೂಲೆ ಬದಲಿಸುತ್ತಾ ಹೋಗುತ್ತದೆ.

ವಿಶ್ವ ಜಲ ದಿನ ಮಾರ್ಚ್ 22, 1993ರಿಂದ ಆಚರಣೆಯಲ್ಲಿದೆ. ಆದರೆ ಆ ಹೊತ್ತಿಗೆ ನಮ್ಮ ಶಾಲೆಗಳಲ್ಲಿ ಪರೀಕ್ಷೆಯ ಬಿಸಿ, ಹೊರಗೆ ಬಿಸಿಲಿನ ಬಿಸಿ, ಕೆರೆಯಲ್ಲಿ ನೀರೂ ಇರುವುದಿಲ್ಲ. ನನ್ನನ್ನು ಕೇಳಿದರೆ ದೀಪಾವಳಿ ಕಳೆದ ಮೇಲಿನ ವಾರಗಳು ಒಳ್ಳೆಯವು. ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣು ಬಳಿದು, ಗಂಗೆ ಪೂಜೆ ಮಾಡಿ ನೀರು ತುಂಬಿದ ನೆನಪು ಮಕ್ಕಳಲ್ಲಿ ಹಸಿಯಾಗಿರುತ್ತದೆ. "ಆ ಹಂಡೆಗೆ ನೀರು ಎಲ್ಲಿಂದ ತಂದ್ರಿ, ಯಾರು ತಂದ್ರು?" ಎಂಬ ಒಂದು ಪ್ರಶ್ನೆಯಿಂದ ಮಾತು ಎತ್ತಿಕೊಳ್ಳಬಹುದು.

ಸೇರಿಕೊಳ್ಳುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ನಿಮ್ಮೂರ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನೋ, ಇಕೋ ಕ್ಲಬ್ ನೋಡಿಕೊಳ್ಳುವ ಟೀಚರನ್ನೋ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನೋ (ಸಿಆರ್‌ಪಿ) ಕಾಣಿ. ಕೆರೆ ಸಮಿತಿ, ವಿಜ್ಞಾನ ಸಂಘಟನೆಗಳ ಜಿಲ್ಲಾ ಘಟಕಗಳೂ ಜನರನ್ನು ಹುಡುಕುತ್ತಿರುತ್ತವೆ. ಹಬ್ಬಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಹೋಗಬೇಕು. ಹಿಂದಿನ ದಿನ ಬಂದು "ಏನಾದ್ರೂ ಸಹಾಯ ಬೇಕಾ?" ಅನ್ನುವವರನ್ನು ಎಲ್ಲಿ ನಿಲ್ಲಿಸುವುದೆಂದು ಯಾರಿಗೂ ತೋಚುವುದಿಲ್ಲ.

ಯಾವ ಕೆಲಸ ಒಪ್ಪಿಕೊಳ್ಳಬೇಕು

ಕೆಲಸ ಮೂರು ಬಗೆ. ಗುಂಪಿನ ಜೊತೆ ಇಡೀ ದಿನ ಓಡಾಡುವ ಜೊತೆಗಾರರು; ಒಂದೇ ಮೂಲೆಯಲ್ಲಿ ನಿಂತು ಬಂದ ಬಂದ ಗುಂಪಿಗೆ ಚಟುವಟಿಕೆ ನಡೆಸುವವರು; ಊಟ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ಸಾಮಾನು ನೋಡಿಕೊಳ್ಳುವವರು. ಮೊದಲ ಸಲ ಹೋಗುವವರು ಜೊತೆಗಾರರಾಗಿ. ಎಲ್ಲ ಮೂಲೆಗಳನ್ನೂ ಮಕ್ಕಳ ಜೊತೆ ಕೂತು ನೋಡುತ್ತೀರಿ. ಯಾವ ಮೂಲೆಯಲ್ಲಿ ಮಕ್ಕಳು ಮೈಮರೆಯುತ್ತಾರೆ, ಎಲ್ಲಿ ಆಕಳಿಸುತ್ತಾರೆ ಅಂತ ಕಣ್ಣಾರೆ ಕಂಡವರು ಮುಂದಿನ ವರ್ಷ ಒಳ್ಳೆಯ ಮೂಲೆ ನಡೆಸುತ್ತಾರೆ.

ಜೊತೆಗಾರರ ಕೆಲಸ ಸಣ್ಣದು ಅಂತ ಯಾರೂ ತಿಳಿಯಬಾರದು. ಮಕ್ಕಳ ಹೆಸರು ಕಲಿಯುವುದು, ಎಣಿಸುವುದು, ಹಿಂದೆ ಬಿದ್ದ ಮಗುವನ್ನು ಕರೆದುಕೊಂಡು ಬರುವುದು, ಶೌಚಾಲಯ ಎಲ್ಲಿದೆ ಅಂತ ಕೇಳಲು ನಾಚುವ ಹುಡುಗಿಯರಿಗೆ ಬೆಳಿಗ್ಗೆಯೇ ತೋರಿಸಿಬಿಡುವುದು. ಇಪ್ಪತ್ತು ಮಕ್ಕಳ ಗುಂಪಿಗೆ ಇಬ್ಬರು ಬೇಕು. ಅವರಲ್ಲಿ ಒಬ್ಬರು ಹೆಂಗಸಾಗಿರಲಿ.

ಜಾಗ ನೋಡಿ ಬನ್ನಿ

ಹಬ್ಬಕ್ಕೆ ಒಂದು ವಾರ ಮೊದಲು ಜಾಗಕ್ಕೆ ಹೋಗಿ ಬರಲೇಬೇಕು. ಹಬ್ಬ ನಡೆಯುವ ಹೊತ್ತಿಗೇ ಹೋಗಿ. ಬೆಳಿಗ್ಗೆ ನೆರಳಿದ್ದ ಮರದ ಕೆಳಗೆ ಹನ್ನೆರಡು ಗಂಟೆಗೆ ಸುಡುಬಿಸಿಲು ಬಿದ್ದಿರುತ್ತದೆ. ಕುಡಿಯುವ ನೀರು ಎಲ್ಲಿಂದ, ಎಷ್ಟು, ಕರೆಂಟು ಹೋದರೆ ಮೋಟರ್ ಇಲ್ಲದೆ ಏನು ಗತಿ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ಒಳಗೆ ಬಕೆಟ್ಟು-ಮಗ್ಗು ಇದೆಯೇ, ಇಷ್ಟನ್ನೂ ನೋಡಿ. ಅಂಗಳದಲ್ಲಿ ಹಾಳುಬಿದ್ದ ಬೋರ್‌ವೆಲ್ ಇದ್ದರೆ ಬಾಯಿ ಭದ್ರವಾಗಿ ಮುಚ್ಚಿದೆಯೇ ಅಂತ ಕೈಯಿಂದ ಅಲುಗಿಸಿ ನೋಡಿ.

ಕೆರೆ ದಂಡೆಯ ಹಬ್ಬವಾದರೆ ಎಚ್ಚರ ಹೆಚ್ಚು. ಹೂಳೆತ್ತಿದ, ಮಣ್ಣು ತೆಗೆದ ಕೆರೆಗಳಲ್ಲಿ ದಡದಿಂದ ಎರಡೇ ಹೆಜ್ಜೆಗೆ ಆಳುದ್ದದ ಗುಂಡಿಗಳಿರುತ್ತವೆ, ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಕಲ್ಯಾಣಿಯ ಮೆಟ್ಟಿಲು ಪಾಚಿಗಟ್ಟಿರುತ್ತದೆ. ನೀರಿನಿಂದ ಇಷ್ಟು ದೂರ ಅಂತ ಹಗ್ಗ ಕಟ್ಟಿ, ಹಗ್ಗದ ಹತ್ತಿರ ಈಜು ಬಲ್ಲ ಊರಿನವರೇ ಒಬ್ಬರು ಇಡೀ ದಿನ ಕೂತಿರುವಂತೆ ಗೊತ್ತು ಮಾಡಿ. ಆ ವ್ಯವಸ್ಥೆ ಆಗದಿದ್ದರೆ ಹಬ್ಬವನ್ನು ಶಾಲೆಯ ಅಂಗಳದಲ್ಲೇ ಮಾಡಿ ಅಂತ ಸಂಘಟಕರಿಗೆ ಹೇಳಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಮೂಲೆಗಳನ್ನು ಕಟ್ಟುವ ಬಗೆ

ನನಗೆ ಎಲ್ಲಕ್ಕಿಂತ ಪ್ರೀತಿಯದು ಕೆರೆ ಕಟ್ಟುವ ಮೂಲೆ. ಮಾದರಿ ಮಾಡಿಕೊಂಡು ಹೋಗಿ ಟೇಬಲ್ಲಿನ ಮೇಲಿಟ್ಟು ತೋರಿಸುವುದಲ್ಲ, ನೆಲದ ಮೇಲೆ ಮಕ್ಕಳ ಕೈಯಲ್ಲೇ ಕಟ್ಟಿಸುವುದು. ಅಂಗಳದಲ್ಲಿ ಸ್ವಲ್ಪ ಇಳಿಜಾರು ಇರುವ ಜಾಗ ಹುಡುಕಿ. ಎರಡು ಬಾಂಡ್ಲಿ ಕೆರೆ ಜೇಡಿಮಣ್ಣು, ಒಂದಷ್ಟು ಚಪ್ಪಟೆ ಕಲ್ಲುಚೂರು, ಪರಂಗಿ ಎಲೆಯ ದಂಟು, ಗಿಡಕ್ಕೆ ನೀರು ಹಾಕುವ ಝಾರಿ, ಇಷ್ಟು ಸಾಕು. ಪರಂಗಿ ದಂಟು ಒಳಗೆ ಟೊಳ್ಳು. ಕೆರೆ ನೀರನ್ನು ಗದ್ದೆಗೆ ಬಿಡುವ ತೂಬಿಗೆ ಅದಕ್ಕಿಂತ ಒಳ್ಳೆಯ ಕೊಳವೆ ಬೇಡ.

ಮೊದಲು ಏನೂ ಕಟ್ಟದೆ ಮೇಲಿನಿಂದ ಝಾರಿಯಲ್ಲಿ ನೀರು ಹಾಕಿಸಿ. ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಅಂತ ಮಕ್ಕಳೇ ಗೆರೆ ಎಳೆಯಲಿ. ಆಮೇಲೆ "ಇಲ್ಲಿ ಒಂದು ಕೆರೆ ಬೇಕು, ಎಲ್ಲಿ ಕಟ್ತೀರಿ?" ಅಂತ ಕೇಳಿ ಸುಮ್ಮನಾಗಿ. ಜಗಳವಾಡಿ ಒಂದು ಜಾಗ ಆರಿಸುತ್ತಾರೆ, ಏರಿ ಹಾಕುತ್ತಾರೆ. ಸಾಮಾನ್ಯವಾಗಿ ಯಾರೂ ಕೋಡಿ ಬಿಡುವುದಿಲ್ಲ. ನೀವೂ ಹೇಳಬೇಡಿ. ಮತ್ತೆ ನೀರು ಹಾಕಿದಾಗ ಕೆರೆ ತುಂಬಿ, ಏರಿಯ ಮೇಲೆ ಉಕ್ಕಿ, ಒಂದು ಕಡೆ ಕೊರೆದುಕೊಂಡು ಒಡೆದೇ ಹೋಗುತ್ತದೆ. ಆಗ ಎದ್ದ ಕೂಗಾಟ ಅಡಗಿದ ಮೇಲೆ ಒಂದು ಮಗುವಾದರೂ "ಹೆಚ್ಚಾದ ನೀರು ಹೋಗೋಕೆ ದಾರಿ ಬೇಕು" ಅನ್ನುತ್ತದೆ. ಕೋಡಿ ಅನ್ನುವ ಮಾತನ್ನು ಆಗ ಕೊಡಿ, ಅಲ್ಲಿಯವರೆಗೆ ಬೇಡ. ಅಗತ್ಯ ಹುಟ್ಟಿದ ಮೇಲೆ ಬಂದ ಪದ ಮರೆತುಹೋಗುವುದಿಲ್ಲ.

ಎರಡನೇ ಸಲ ಕೋಡಿಗೆ ಕಲ್ಲು ಹಾಸಿ, ತೂಬಿಗೆ ದಂಟು ಇಟ್ಟು, ಅದರ ಬಾಯಿಗೆ ಮಣ್ಣಿನ ಬಿರಡೆ ಕೊಟ್ಟು ಕಟ್ಟುತ್ತಾರೆ. ಒಂದು ಮಗು ನೀರುಗಂಟಿಯಾಗಲಿ. ತೂಬು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಮೊದಲು ಅಂತ ತೀರ್ಮಾನ ಅದರದ್ದು. ಸಮಯ ಇದ್ದರೆ ಕೆಳಗೆ ಎರಡನೇ ಕೆರೆ, ಮೂರನೇ ಕೆರೆ ಕಟ್ಟಿಸಿ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ ಹೋಗುವುದು ಕಂಡಾಗ ನಮ್ಮ ಬಯಲುಸೀಮೆಯ ಸರಣಿ ಕೆರೆಗಳ ಗುಟ್ಟು ತಾನಾಗಿ ಗೊತ್ತಾಗುತ್ತದೆ. ಕೊನೆಯಲ್ಲಿ ಮಧ್ಯದ ಕೆರೆಗೆ ಮಣ್ಣು ತುಂಬಿ ಮಟ್ಟ ಮಾಡಿ, ಬೆಂಕಿಪೊಟ್ಟಣಗಳನ್ನು ಮನೆಗಳ ಹಾಗೆ ಜೋಡಿಸಿ, ಇನ್ನೊಂದು ಝಾರಿ ನೀರು ಹಾಕಿ. ಬೆಂಕಿಪೊಟ್ಟಣ ತೇಲುತ್ತವೆ. ಬೆಂಗಳೂರಿನ ಬಡಾವಣೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುವ ಸುದ್ದಿ ಟಿವಿಯಲ್ಲಿ ನೋಡಿದ ಮಕ್ಕಳು ತಾವೇ ಅದನ್ನು ಜೋಡಿಸಿಕೊಳ್ಳುತ್ತಾರೆ.

ಈ ಮೂಲೆಗೆ ಅರ್ಧ ಗಂಟೆ ಸಾಲದು. ಸಂಘಟಕರ ಜೊತೆ ಮೊದಲೇ ಮಾತಾಡಿ ಮುಕ್ಕಾಲು ಗಂಟೆ ಪಡೆಯಿರಿ.

ಎರಡನೆಯದು ಅಂತರ್ಜಲದ ಮೂಲೆ. ಪರದೇಶದ ಹಬ್ಬಗಳಲ್ಲಿ ಇದಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಮರಳು ತುಂಬಿ ತೋರಿಸುತ್ತಾರೆ. ನೆಬ್ರಾಸ್ಕಾದ ನೆಲದಡಿಯಲ್ಲಿ ಮರಳು-ಗರಸಿನ ದಪ್ಪ ಪದರಗಳಿವೆ, ಅವರಿಗೆ ಅದು ಸರಿ. ನಮ್ಮ ರಾಜ್ಯದ ಬಹುಪಾಲು ನೆಲದ ಕೆಳಗಿರುವುದು ಗಟ್ಟಿ ಬಂಡೆ. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಮರಳಿನ ಮಾದರಿಯನ್ನೇ ತೋರಿಸಿದರೆ ಕೆಳಗೆ ಎಲ್ಲ ಕಡೆ ನೀರು ತುಂಬಿಕೊಂಡಿದೆ, ಇನ್ನೂ ಆಳಕ್ಕೆ ಕೊರೆದರೆ ಸಿಕ್ಕೇ ಸಿಗುತ್ತದೆ ಎಂಬ ತಪ್ಪು ಕಲ್ಪನೆ ಮಕ್ಕಳಿಗೆ ಕೂತುಬಿಡುತ್ತದೆ. ಅದೇ ನಂಬಿಕೆಯಿಂದ ಸಾಲ ಮಾಡಿ ಸಾವಿರ ಅಡಿ ಕೊರೆಸಿದ ಮನೆಗಳ ಮಕ್ಕಳು ಅವರು.

ಹಾಗಾಗಿ ಎರಡು ಡಬ್ಬಿ ಇಡಿ. ಎರಡೂ ಒಂದೇ ಅಳತೆಯ, ಒಳಗೆ ಕಾಣುವ ಡಬ್ಬಿಗಳು. ಒಂದಕ್ಕೆ ಸಣ್ಣ ಜಲ್ಲಿ ಅಂಚಿನವರೆಗೆ ತುಂಬಿ. ಇನ್ನೊಂದಕ್ಕೆ ಹಸಿ ಜೇಡಿಮಣ್ಣು ಗಟ್ಟಿಯಾಗಿ ಒತ್ತಿ ತುಂಬಿ, ಚಾಕುವಿನಿಂದ ಎರಡು ಮೂರು ಸೀಳು ಮಾಡಿ. ಅದು ಬಂಡೆ, ಸೀಳು ಅದರ ಬಿರುಕು. ಅಳತೆ ಲೋಟದಲ್ಲಿ ನೀರು ಹಾಕಿ ಎಷ್ಟು ಹಿಡಿಯುತ್ತದೆ ಅಂತ ಮಕ್ಕಳೇ ಬರೆದುಕೊಳ್ಳಲಿ. ಒಂದು ಲೀಟರ್ ಡಬ್ಬಿಯ ಜಲ್ಲಿ ಸುಮಾರು 400 ಮಿಲಿಲೀಟರ್ ನೀರು ನುಂಗುತ್ತದೆ. ಸೀಳಿಗೆ ನಾಲ್ಕಾರು ಚಮಚ ಹೋದರೆ ಹೆಚ್ಚು. ಈ ಎರಡು ಅಂಕಿ ಪಕ್ಕಪಕ್ಕ ಬರೆದ ಮೇಲೆ ನೀವು ವಿವರಿಸಬೇಕಾದ್ದು ಬಹಳ ಇರುವುದಿಲ್ಲ.

ಬಾವಿ ಮತ್ತು ಬೋರ್‌ವೆಲ್ ಸಂಬಂಧ ತೋರಿಸಲು ಜಲ್ಲಿ ಡಬ್ಬಿಯನ್ನೇ ಬಳಸಿ. ಔಷಧಿ ಅಂಗಡಿಯಲ್ಲಿ ಹೊಸ ಡ್ರಿಪ್ ಕೊಳವೆ, ಸೂಜಿಯಿಲ್ಲದ ದೊಡ್ಡ ಸಿರಿಂಜ್ ಎರಡು ಸಿಗುತ್ತವೆ. ಒಂದು ಕೊಳವೆ ಮೇಲುಮೇಲೆ, ಇನ್ನೊಂದು ತಳದವರೆಗೆ. ಕೊಳವೆಯ ತುದಿಗೆ ತೆಳು ನೈಲಾನ್ ಬಟ್ಟೆ ಸುತ್ತಿ, ಇಲ್ಲದಿದ್ದರೆ ಕಸ ಕಟ್ಟಿಕೊಂಡು ಎರಡನೇ ಗುಂಪಿನ ಹೊತ್ತಿಗೇ ಕೈಕೊಡುತ್ತದೆ. ಆಳದ ಸಿರಿಂಜ್ ಎಳೆದಂತೆ ಮೇಲಿನ ಸಿರಿಂಜ್‌ಗೆ ಬರೀ ಗಾಳಿ ಬರುತ್ತದೆ. ಆ ಕ್ಷಣಕ್ಕೆ "ನಮ್ ತಾತನ ಬಾವಿ ಹಿಂಗೇ ಆಗಿದ್ದು" ಅನ್ನುವ ಮಗುವನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಆ ಮಗುವಿಗೆ ಮಾತು ಬಿಟ್ಟುಕೊಡಿ.

ಉಳಿದ ಮೂಲೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ.

ಭೂಮಿಯ ನೀರನ್ನೆಲ್ಲ ಒಂದು ಲೀಟರ್ ಅಂದುಕೊಂಡರೆ ಸಿಹಿನೀರು 25 ಮಿಲಿಲೀಟರ್. ಅದರಲ್ಲೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಿಮವಾಗಿ ಕೂತಿದೆ, ಏಳೆಂಟು ಮಿಲಿಲೀಟರ್ ನೆಲದೊಳಗಿದೆ, ನದಿ-ಕೆರೆಗಳಲ್ಲಿರುವುದು ಒಂದೆರಡು ಹನಿ. ಇದನ್ನು ಉಪ್ಪು ಕರಗಿಸಿದ ನೀರಿನಿಂದ ಶುರುಮಾಡಿ, ಕೊನೆಯ ಹನಿಯನ್ನು ಒಂದು ಮಗುವಿನ ಅಂಗೈಗೆ ಬಿಡಿ. ಐದು ನಿಮಿಷದ ಚಟುವಟಿಕೆ, ಹಬ್ಬದ ಆರಂಭಕ್ಕೆ ಚೆನ್ನ.

ಮಳೆ ಲೆಕ್ಕದ ಮೂಲೆ ಆರನೇ ಕ್ಲಾಸಿನ ಮೇಲಿನವರಿಗೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಗ್ಗ ಹಿಡಿದು ಮಕ್ಕಳೇ ಕ್ಲಾಸ್‌ರೂಮನ್ನು ಅಳೆಯಲಿ. 6 ಮೀಟರ್ ಅಗಲ, 8 ಮೀಟರ್ ಉದ್ದ ಅಂದರೆ 48 ಚದರ ಮೀಟರ್. 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 960 ಲೀಟರ್. ಹದಿನೈದು ಲೀಟರ್ ಹಿಡಿಯುವ ಬಿಂದಿಗೆ ಲೆಕ್ಕದಲ್ಲಿ 64 ಬಿಂದಿಗೆ. ಅಷ್ಟೂ ಕೈಗೆ ಸಿಗುವುದಿಲ್ಲ, ಐದರಲ್ಲಿ ಒಂದು ಭಾಗ ಹಾಳು ಅಂತ ಕಳೆಯಿರಿ. ಲೀಟರಿನಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ. ಬಿಂದಿಗೆ ಲೆಕ್ಕದಲ್ಲಿ ಹೇಳಿದರೆ ನೀರು ಹೊತ್ತು ಗೊತ್ತಿರುವ ಮಕ್ಕಳ ಕಣ್ಣು ಅರಳುತ್ತದೆ. ಇದೇ ಮೂಲೆಗೆ ಊರಿನ ಅಜ್ಜ-ಅಜ್ಜಿ ಒಬ್ಬರನ್ನು ಕೂರಿಸಿ, ಅಶ್ವಿನಿ, ಭರಣಿ, ಕೃತ್ತಿಕೆಯಿಂದ ಮಳೆ ನಕ್ಷತ್ರಗಳ ಹೆಸರು, ಅವುಗಳ ಗಾದೆ ಹೇಳಿಸಿ. ಒಂದೊಂದು ಮಳೆಗೂ ಹದಿಮೂರು-ಹದಿನಾಲ್ಕು ದಿನ ಅನ್ನುವ ಲೆಕ್ಕವನ್ನು ಕ್ಯಾಲೆಂಡರಿನ ತಾರೀಕಿಗೆ ಮಕ್ಕಳು ಹೊಂದಿಸಲಿ.

ಗಡಸು ನೀರಿನ, ಅಂದರೆ ಲವಣ ಹೆಚ್ಚಿದ್ದು ಸೋಪು ನೊರೆ ಬರದ ನೀರಿನ ಮೂಲೆಗೆ ಎರಡು ಬಾಟಲಿ: ಒಂದರಲ್ಲಿ ಹಿಡಿದಿಟ್ಟ ಮಳೆ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಎರಡಕ್ಕೂ ಒಂದೇ ಪ್ರಮಾಣದ ಸೋಪಿನ ತುರಿ ಹಾಕಿ ಹತ್ತು ಸಲ ಕುಲುಕಿ, ನೊರೆಯ ಎತ್ತರ ಅಳೆಯುವುದು. ಬಟ್ಟೆ ಸೋಪಿನ ಪುಡಿಯೋ ಶ್ಯಾಂಪೂವೋ ಬಳಸಿದರೆ ಎರಡರಲ್ಲೂ ನೊರೆ ಬಂದು ಪ್ರಯೋಗ ಕೆಡುತ್ತದೆ, ಸಾದಾ ಮೈಸೋಪೇ ಆಗಬೇಕು.

ಸೊಳ್ಳೆ ಮೂಲೆಗೆ ಮರಿಹುಳ ಇರುವ ನೀರನ್ನು ಗಾಜಿನ ಜಾಡಿಯಲ್ಲಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಬಿಗಿದು ತನ್ನಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡುವುದು ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತಿಕ್ಕಿ ಅಂತ ಆಶಾ ಅಕ್ಕ ಯಾಕೆ ಹೇಳುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಸಂಜೆ ಆ ನೀರನ್ನು ಒಣನೆಲಕ್ಕೆ ಚೆಲ್ಲಿ. ಅದೇ ಪಕ್ಕದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕರೆ ಬೇರೆ ಜಾಡಿಯಲ್ಲಿಡಿ. ಅದು ಸೊಳ್ಳೆ ಮರಿಯನ್ನು ಹಿಡಿದು ತಿನ್ನುವುದನ್ನು ನೋಡಿದ ಮಕ್ಕಳು ಚಿಟ್ಟೆಯ ಬಾಲಕ್ಕೆ ದಾರ ಕಟ್ಟಲು ಹಿಂಜರಿಯುತ್ತಾರೆ.

ನೀರಿನ ಪರೀಕ್ಷೆಯ ಮೂಲೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಲಜೀವನ್ ಮಿಷನ್ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೇ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಟ್ಟಿದ್ದಾರೆ, ಅವರನ್ನೇ ಕರೆಸಿ. ಮಕ್ಕಳ ಮುಂದೆ ಅವರದೇ ಊರಿನ ಹೆಂಗಸು ಬಣ್ಣ ಬದಲಿಸುವ ನೀರು ಹಿಡಿದು ನಿಂತರೆ ಅದರ ತೂಕವೇ ಬೇರೆ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಒಂದನ್ನೇ ಹಿಡಿದು "ಈ ನೀರು ಒಳ್ಳೇದು, ಇದು ಕೆಟ್ಟದ್ದು" ಅಂತ ಯಾರಾದರೂ ಹೊರಟರೆ ತಡೆಯಿರಿ. ಆ ಮೀಟರಿಗೆ ರೋಗಾಣುವೂ ಕಾಣುವುದಿಲ್ಲ, ಫ್ಲೋರೈಡನ್ನು ಬೇರೆಯಾಗಿ ತೋರಿಸಲೂ ಬಾರದು.

ಆಡುವ ಮಾತು, ಆಡಬಾರದ ಮಾತು

ಫ್ಲೋರೈಡ್ ಮಾತು ಬಂದಿತಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ನಮ್ಮ ದೇಶದ ಮಾನದಂಡ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅದಕ್ಕಿಂತ ಹೆಚ್ಚಿರುವ ಬೋರ್‌ವೆಲ್‌ಗಳಿವೆ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿರುತ್ತವೆ. ಒಂದು ಹಬ್ಬದಲ್ಲಿ ಸ್ವಯಂಸೇವಕರೊಬ್ಬರು ಎಲ್ಲರೆದುರು ಒಬ್ಬ ಹುಡುಗನನ್ನು ನಿಲ್ಲಿಸಿ "ನೋಡಿ, ಇವನ ಹಲ್ಲು ನೋಡಿ" ಅಂದುಬಿಟ್ಟರು. ಆ ಹುಡುಗ ಇಡೀ ದಿನ ಬಾಯಿ ಮುಚ್ಚಿಕೊಂಡೇ ಇದ್ದ. ಮಗುವಿನ ಮೈಯನ್ನು ಎಂದೂ ಉದಾಹರಣೆ ಮಾಡಬೇಡಿ. ಚಿತ್ರ ತೋರಿಸಿ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅನ್ನುವುದನ್ನು ತಿಳಿಸಿ, ಮಳೆ ನೀರು ಕುಡಿಯಲು ಹಿಡಿದಿಡುವ ದಾರಿ ಹೇಳಿ.

ಇನ್ನೊಂದು ಸೂಕ್ಷ್ಮವಿದೆ. "ನಿಮ್ಮನೆಗೆ ನೀರು ಎಲ್ಲಿಂದ ಬರುತ್ತೆ?" ಅನ್ನುವುದು ಒಳ್ಳೆಯ ಪ್ರಶ್ನೆಯೇ. ಆದರೆ ಊರ ಬಾವಿ, ಕೇರಿಯ ಬಾವಿ ಅಂತ ಬೇರೆ ಬೇರೆ ಇದ್ದ ಊರುಗಳು ನಮ್ಮವು. ಉತ್ತರದಲ್ಲಿ ಜಾತಿ ಇಣುಕುತ್ತದೆ. ಮಗು ತಾನಾಗಿ ಹೇಳಿದರೆ ಮುಖ ತಿರುಗಿಸದೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಕೆದಕಬೇಡಿ. ದೊಡ್ಡ ಮಕ್ಕಳ ಗುಂಪಾದರೆ, ಮಾರ್ಚ್ 22ಕ್ಕೆ ಎರಡು ದಿನ ಮೊದಲು ಬರುವ ಇನ್ನೊಂದು ದಿನದ ಕಥೆ ಹೇಳಿ: 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾರಾಷ್ಟ್ರದ ಮಹಾಡ್‌ನಲ್ಲಿ, ದಲಿತರನ್ನು ಮುಟ್ಟಗೊಡದಿದ್ದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದ ದಿನ. ನೀರಿನ ಹಬ್ಬದಲ್ಲಿ ಈ ಕಥೆಗೆ ಜಾಗ ಇರಲೇಬೇಕು ಅಂತ ನಾನು ಪ್ರತಿ ಸಭೆಯಲ್ಲೂ ಹಠ ಹಿಡಿಯುತ್ತೇನೆ. ಹಬ್ಬದ ಕುಡಿಯುವ ನೀರಿನ ಪಾತ್ರೆ ಒಂದೇ ಇರಲಿ, ಬಡಿಸುವವರಲ್ಲಿ ಎಲ್ಲ ಕೇರಿಯವರೂ ಇರಲಿ. ಇದನ್ನು ಭಾಷಣದಲ್ಲಿ ಹೇಳಬೇಕಾಗಿಲ್ಲ, ಮಾಡಿದರೆ ಸಾಕು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೊದಲು ಕೈಯೆತ್ತಿದ ಹುಡುಗನಿಗೇ ಮಾತು ಕೊಟ್ಟುಬಿಟ್ಟರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ. "ಗೊತ್ತಾಯ್ತಾ?" ಅಂತ ಕೇಳಬೇಡಿ. "ಹೂಂ ಮಿಸ್" ಅಂತ ಒಕ್ಕೊರಲಿನಲ್ಲಿ ಹೇಳುವ ಅಭ್ಯಾಸ ಅವರಿಗಿದೆ. ಬದಲಿಗೆ "ಇದನ್ನ ಮನೇಲಿ ಅಮ್ಮಂಗೆ ಹೇಗೆ ಹೇಳ್ತೀಯಾ?" ಅನ್ನಿ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅಂತಲೇ ಹೇಳಿ, ಒಂದು ಚಾರ್ಟಿನಲ್ಲಿ ಆ ಪ್ರಶ್ನೆಯನ್ನು ಮಗುವಿನ ಹೆಸರಿನೊಂದಿಗೆ ಬರೆದು ತೂಗುಹಾಕಿ. ಊರಿನ ಮಾತಿನಲ್ಲೇ ಮಾತಾಡಿ, ನೀರಿನ ನೆಲೆಗಳಿಗೆ ಒಂದೊಂದು ಕಡೆ ಒಂದೊಂದು ಹೆಸರಿದೆ. ಕರಾವಳಿಯಲ್ಲಿ ಮದಕ, ಕಟ್ಟ, ಸುರಂಗ. ಮಧುಗಿರಿ-ಕೊರಟಗೆರೆ ಕಡೆ ತಲಪರಿಗೆ. ಬಯಲುಸೀಮೆಯಲ್ಲಿ ಕುಂಟೆ, ಗೋಕಟ್ಟೆ. ಪಠ್ಯಪುಸ್ತಕದ ಜಲಮರುಪೂರಣಕ್ಕಿಂತ ಇಂಗುಗುಂಡಿ ಅನ್ನುವುದು ಬೇಗ ಇಳಿಯುತ್ತದೆ.

ಹಬ್ಬದ ದಿನ

ಮಕ್ಕಳು ಬರುವುದಕ್ಕೆ ಒಂದೂವರೆ ಗಂಟೆ ಮೊದಲೇ ಜಾಗದಲ್ಲಿರಿ. ನಿಮ್ಮ ಚೀಲದಲ್ಲಿ ಟೋಪಿ, ಟವೆಲ್, ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ, ಗಾಯದ ಪಟ್ಟಿ, ದಪ್ಪ ಪೆನ್ನು, ನಾಲ್ಕು ಸ್ಯಾನಿಟರಿ ಪ್ಯಾಡ್, ಒಂದು ಜೊತೆ ಬಟ್ಟೆ ಇರಲಿ. ಫ್ಲೆಕ್ಸ್, ಥರ್ಮೊಕೋಲ್, ಬಲೂನು ಬೇಡ. ಹಳೇ ಸೀರೆಯ ಮೇಲೆ ಸುಣ್ಣದಲ್ಲಿ ಬರೆದ ಹೆಸರು ಅದಕ್ಕಿಂತ ಚೆಂದ ಕಾಣುತ್ತದೆ, ಮುಂದಿನ ವರ್ಷಕ್ಕೆ ಒಗೆದಿಡಬಹುದು. ಮಕ್ಕಳಿಗೆ ಸಣ್ಣ ನೀರಿನ ಬಾಟಲಿ ಹಂಚುವುದಂತೂ ಬೇಡವೇ ಬೇಡ; ಮನೆಯಿಂದ ಬಾಟಲಿ ತರಲು ಹಿಂದಿನ ದಿನ ಹೇಳಿಸಿ, ಇಲ್ಲದವರಿಗೆ ಲೋಟ ಇಡಿ.

ಮೂಲೆ ಬದಲಿಸುವ ಸೂಚನೆಗೆ ಮೈಕಿಗಿಂತ ತಮಟೆ ಒಳ್ಳೆಯದು. ಮುಗಿಯುವುದಕ್ಕೆ ಐದು ನಿಮಿಷ ಮೊದಲು ಒಂದು ಪೆಟ್ಟು, ಮುಗಿದಾಗ ಮೂರು. ಮೂಲೆಯಿಂದ ಮೂಲೆಗೆ ಹೋಗಲು ಐದು ನಿಮಿಷ ಬಿಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಕಲಸಿಹೋಗುತ್ತದೆ. ಉದ್ಘಾಟನೆ ಇದ್ದರೆ ಹದಿನೈದು ನಿಮಿಷಕ್ಕೆ ಮುಗಿಯುವಂತೆ ಅತಿಥಿಗಳಿಗೆ ಮೊದಲೇ ವಿನಂತಿಸಿ. ಅವರ ಕೈಯಲ್ಲಿ ದೀಪದ ಬದಲು ಝಾರಿ ಕೊಟ್ಟು ಕೆರೆ ಮೂಲೆಗೆ ಮೊದಲ ನೀರು ಹಾಕಿಸಿದರೆ ಮಕ್ಕಳೂ ನೋಡುತ್ತಾರೆ. ಬಿಸಿಯೂಟದ ಸಮಯ ಬದಲಿಸಬೇಡಿ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳು ಇರುತ್ತಾರೆ.

ಮಣ್ಣು-ನೀರು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ಕೈಕಾಲಿನಲ್ಲಿ ಗಾಯ ಇರುವವರನ್ನು ಕೆರೆ ನೀರಿಗೆ ಬಿಡಬೇಡಿ. ಪರೀಕ್ಷೆಗಿಟ್ಟ ನೀರನ್ನು ಯಾರೂ ಬಾಯಿಗೆ ಹಾಕದಂತೆ ಕಣ್ಣಿಡಿ. ಯಾವ ಮಗುವಿನ ಜೊತೆಯೂ ಮರೆಯ ಜಾಗದಲ್ಲಿ ಒಬ್ಬರೇ ಇರಬೇಡಿ, ಇನ್ನೊಬ್ಬ ಸ್ವಯಂಸೇವಕರನ್ನೂ ಹಾಗೆ ಒಬ್ಬರೇ ಇರಲು ಬಿಡಬೇಡಿ. ಶಾಲೆಯ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುವಂತಿಲ್ಲ. ಮಗು ತನಗಾಗುತ್ತಿರುವ ತೊಂದರೆಯನ್ನೇನಾದರೂ ನಿಮಗೆ ಹೇಳಿಕೊಂಡರೆ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹಬ್ಬ ಮುಗಿದ ಮೇಲೆ

ಸೋಪಿನ ನೀರು ಬಿಟ್ಟು ಉಳಿದದ್ದೆಲ್ಲ ಶಾಲೆಯ ಗಿಡಗಳಿಗೆ ಹೋಗಲಿ. ಜಲ್ಲಿ ತೊಳೆದು ಒಣಗಿಸಿ ಚೀಲಕ್ಕೆ ಹಾಕಿ. ಕೆರೆ ಮೂಲೆಯ ಏರಿಗಳನ್ನು ಮಾತ್ರ ಕೆಡವಬೇಡಿ. ಮುಂದಿನ ಮಳೆಯವರೆಗೂ ಮಕ್ಕಳು ಅಲ್ಲೇ ಆಡುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಮೂರನೇ ದಿನ ವಾಪಸ್ ಹೋಗಿ. ಹಬ್ಬದ ದಿನ ನೀರಿನ ಪರೀಕ್ಷೆಯ ಮೂಲೆಯಲ್ಲಿ ರೋಗಾಣು ಪರೀಕ್ಷೆಯ ಬಾಟಲಿಗಳಿಗೆ ತುಂಬಿದ ನೀರಿನ ಫಲಿತಾಂಶ ಬರುವುದು 24ರಿಂದ 48 ಗಂಟೆಯ ಮೇಲೆ. ಆ ನೀರು ಕಪ್ಪಗಾದರೆ ಮಲದ ರೋಗಾಣು ಇದೆ ಅನ್ನುವ ಅನುಮಾನ. ಬಾಟಲಿಯನ್ನು ಶಾಲೆಯಲ್ಲೇ ಬಿಟ್ಟು ಬಂದು, ಏನಾಯಿತು ಅಂತ ಹೇಳುವವರು ಯಾರೂ ಇಲ್ಲದಿದ್ದರೆ ಮಕ್ಕಳಿಗೆ ಅದು ಅರ್ಧಕ್ಕೆ ನಿಂತ ಕಥೆ.

ಒಂದು ಶಾಲೆಯಲ್ಲಿ ಹಾಗೆ ವಾಪಸ್ ಹೋದಾಗ ಆರು ಬಾಟಲಿಗಳಲ್ಲಿ ಒಂದು ಕಪ್ಪಾಗಿತ್ತು. ಚೀಟಿ ನೋಡಿದರೆ ಅದು ಶಾಲೆಯದೇ ಸಿಂಟೆಕ್ಸ್ ನೀರು. ನಾನು ಬಾಯಿ ತೆರೆಯುವ ಮೊದಲೇ ಏಳನೇ ಕ್ಲಾಸಿನ ನಾಲ್ವರು ಮುಖ್ಯ ಶಿಕ್ಷಕರನ್ನು ಕರೆದುಕೊಂಡು ತಾರಸಿಗೆ ಹೊರಟರು. ಟ್ಯಾಂಕಿನ ಮುಚ್ಚಳ ಒಡೆದಿತ್ತು, ಒಳಗೆ ಪಾರಿವಾಳದ ಗರಿ ತೇಲುತ್ತಿತ್ತು. ಅವತ್ತೇ ನೀರು ಖಾಲಿ ಮಾಡಿಸಿ, ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಹೊಸ ಮುಚ್ಚಳ ತರಿಸಿದರು. ವಾರ ಬಿಟ್ಟು ಮತ್ತೆ ತುಂಬಿಟ್ಟ ಬಾಟಲಿ ಕಪ್ಪಾಗಲಿಲ್ಲ. ಬಳಸಿದ ಬಾಟಲಿಗಳಿಗೆ ಬ್ಲೀಚಿಂಗ್ ನೀರು ಹಾಕಿ ಚೆಲ್ಲುತ್ತಿದ್ದಾಗ ಆ ನಾಲ್ವರಲ್ಲಿ ಒಬ್ಬ ಹತ್ತಿರ ಬಂದ. "ಇನ್ನೊಂದು ಬಾಟ್ಲಿ ಇದ್ಯಾ ಅಕ್ಕಾ? ನಮ್ಮನೆ ತೊಟ್ಟೀದೂ ನೋಡ್ಬೇಕು" ಅಂದ. ಅವನ ಹಿಂದೆ ಇನ್ನೂ ಏಳೆಂಟು ಜನ ನಿಂತಿದ್ದರು.

ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ. ನೀವು ಹತ್ತಿಪ್ಪತ್ತು ಹೆಚ್ಚಿಗೇ ಇಟ್ಟುಕೊಂಡು ಹೋಗಿ.